ಯಾವು ಎಂದದ್ದು

ಭವ್ಯಶ್ರೀಯ ದನಿ ಚಿಕ್ಕದು. ತನ್ನೂರು ನೆರಿಯದ ಶಾಲೆಯಲ್ಲಿ ಹಾಜರಿ ಕರೆಯುವಾಗ ಅವಳು ಎದ್ದು ನಿಂತು 'ಹಾಜರ್' ಎಂದರೂ ಟೀಚರು ತಲೆಯೆತ್ತಿ ನೋಡಿಯೇ ಗುರುತು ಹಾಕಬೇಕಿತ್ತು. ಎಂ.ಎ. ಮುಗಿಸಿದ ಮೇಲೂ ಅದು ದೊಡ್ಡದಾಗಲಿಲ್ಲ. ಬಾಯಲ್ಲಿ ಬಾರದ್ದನ್ನೆಲ್ಲ ಅವಳು ರಾತ್ರಿ ಡೈರಿಯಲ್ಲಿ ಬರೆದಿಡುತ್ತಿದ್ದಳು. ಅಲ್ಲಿ ಅವಳಿಗೆ ಯಾರ ಹೆದರಿಕೆಯೂ ಇರಲಿಲ್ಲ.

ಆ ದಿನ ಮಧ್ಯಾಹ್ನ ಮೂರೂವರೆಯ ಒಳಗೆ ಅವಳು ಮೂಡುಬಿದಿರೆಯ ಒಂದು ಖಾಸಗಿ ಕಾಲೇಜಿಗೆ ಹೋಗಿ ಒರಿಜಿನಲ್ ಅಂಕಪಟ್ಟಿಗಳನ್ನು ತೋರಿಸಬೇಕಿತ್ತು. ಅಲ್ಲಿನ ಲೈಬ್ರರಿಯಲ್ಲಿ ಸಹಾಯಕಿಯ ಕೆಲಸ. ದನಿ ಚಿಕ್ಕದಿದ್ದವರೇ ಬೇಕಾಗುವ ಕೆಲಸ ಈ ಲೋಕದಲ್ಲಿ ಒಂದಾದರೂ ಇದ್ದರೆ ಅದು ಇದೇ ಎಂದು ಅವಳಿಗೆ ಅನಿಸಿತ್ತು. ಹೊತ್ತಿಗೆ ಸರಿಯಾಗಿ ಬಾರದಿದ್ದರೆ ಪಟ್ಟಿಯಲ್ಲಿರುವ ಮುಂದಿನವರಿಗೆ ಹೋಗುತ್ತದೆ ಎಂದು ಪತ್ರದಲ್ಲಿ ಬರೆದಿದ್ದರು.

ನೆರಿಯದಿಂದ ಬೆಳ್ತಂಗಡಿ, ವೇಣೂರು ಎಂದು ನೆಟ್ಟಗೆ ಹೋಗಿದ್ದರೆ ತೊಂದರೆಯೇ ಇರಲಿಲ್ಲ. ಆದರೆ ಸೀರೆಯೊಂದಿತ್ತು. ಮಕ್ಕಳಿಗೆ ಪಾಠ ಹೇಳಿ ಸೇರಿಸಿದ ದುಡ್ಡಿನಲ್ಲಿ ಹೋದ ವಾರ ಬಿ.ಸಿ. ರೋಡಿನ ಮೂರು ಮಾಳಿಗೆಯ ಜವಳಿ ಅಂಗಡಿಯಿಂದ ಅಮ್ಮನಿಗೆಂದು ತಂದದ್ದು. ಹಸಿ ಗೇರುಬೀಜದ ಬಣ್ಣ, ಕೆಂಪು ಅಂಚು. ಅಮ್ಮ ಲೋಲಾಕ್ಷಿ ಅದನ್ನು ಮಡಿಲಲ್ಲಿಟ್ಟುಕೊಂಡು ಎರಡು ಸಲ ಸವರಿ, ಬೆಲೆ ಕೇಳಿ, ತಿರುಗಿ ಪೆಟ್ಟಿಗೆಗೆ ಹಾಕಿದ್ದಳು.

"ಎರಡು ಸಾವಿರದ ನಾನೂರಾ? ನನಗೆ ಎಂತಕ್ಕೆ ಮಗಾ ಇದು? ರಬ್ಬರ್ ಹಾಲು ತೆಗಿಲಿಕ್ಕೆ ಉಟ್ಟುಕೊಂಡು ಹೋಗ್ಲಿಕ್ಕಾ? ವಾಪಸ್ ಕೊಡು. ಮೂಡುಬಿದಿರೆಯಲ್ಲಿ ನಿನಗೊಂದು ರೂಮಿಗೆ ಆಗ್ತದೆ."

ಅಪ್ಪ ಕುಶಾಲಪ್ಪ ಬಿಲ್ಲನ್ನು ಬೆಳಕಿಗೆ ಹಿಡಿದು ಓದಿದ್ದ. "ಏಳು ದಿನದ ಒಳಗೆ ಅಂತ ಉಂಟು. ಶುಕ್ರವಾರಕ್ಕೆ ಏಳು. ನೀನು ಹೇಗೂ ಆ ದಿನ ಹೊರಡ್ತಿಯಲ್ಲ, ಸ್ವಲ್ಪ ಸುತ್ತು ಆಗ್ತದೆ, ಅಷ್ಟೇ."

ಹಾಗೆ ಸುತ್ತು ಬಳಸಿ, ಬೆಳಗ್ಗೆ ಏಳರ ಬಸ್ಸು ಹಿಡಿದು, ಬೆಳ್ತಂಗಡಿಯಲ್ಲಿ ಇನ್ನೊಂದಕ್ಕೆ ಬದಲಾಯಿಸಿ, ಅವಳು ಹನ್ನೊಂದಕ್ಕೆ ಆ ಅಂಗಡಿಯ ಗಾಜಿನ ಬಾಗಿಲಲ್ಲಿದ್ದಳು. ಒಂದೂಕಾಲಕ್ಕೆ ಸಿದ್ಧಕಟ್ಟೆ ದಾರಿಯಾಗಿ ಮೂಡುಬಿದಿರೆಗೆ ಬಸ್ಸು. ಎರಡು ಗಂಟೆ ಉಂಟಲ್ಲ, ಧಾರಾಳ ಎಂದುಕೊಂಡಳು.

ಬಾಗಿಲಲ್ಲಿ ಸೆಕ್ಯುರಿಟಿಯ ಶಂಭು ಸ್ಟೂಲಿನ ಮೇಲೆ ಕೂತಿದ್ದ. ಅರವತ್ತು ದಾಟಿದ ಮನುಷ್ಯ. ಯೂನಿಫಾರ್ಮಿನ ಭುಜ ಅವನದಕ್ಕಿಂತ ಅಗಲವಿತ್ತು.

"ಇಷ್ಟು ದೊಡ್ಡ ಬ್ಯಾಗ್ ಮೇಲೆ ಬಿಡ್ಲಿಕ್ಕಿಲ್ಲ ಮಗಾ. ಇಲ್ಲಿ ಕೊಡು."

"ಅದರಲ್ಲಿ ನನ್ನ ಸರ್ಟಿಫಿಕೇಟ್ ಉಂಟು," ಎಂದಳು ಭವ್ಯಶ್ರೀ.

"ಆಂ?"

"ಸರ್ಟಿಫಿಕೇಟ್..."

"ಎಂತ ಇದ್ರೂ ಇಲ್ಲಿಂದ ಹೋಗ್ಲಿಕ್ಕಿಲ್ಲ. ನಾನು ಕೂತಿದ್ದೇನಲ್ಲ." ಅವನು ಬ್ಯಾಗನ್ನು ಗೂಡಿನಲ್ಲಿಟ್ಟು ನಲವತ್ತಾರನೆಯ ನಂಬರಿನ ನೀಲಿ ಟೋಕನ್ ಕೊಟ್ಟ. ಅವಳ ಕೈಯ ಸೀರೆಪೆಟ್ಟಿಗೆ ಕಂಡ ಮೇಲೆ ಟೋಕನಿಗೊಂದು ಹಳದಿ ಚೀಟಿಯನ್ನೂ ಪಿನ್ ಹೊಡೆದ. "ವಾಪಸಿನದ್ದಲ್ವಾ? ಮೇಲೆ ಇದಕ್ಕೆ ಸೀಲ್ ಹಾಕಿಸಿಕೊಂಡು ಬಾ. ಸೀಲ್ ಇಲ್ಲದೆ ಬ್ಯಾಗ್ ಕೊಟ್ರೆ ನನ್ನ ಕೆಲಸ ಹೋಗ್ತದೆ."

ವಾಪಸಿನ ಕೌಂಟರ್ ಇದ್ದದ್ದು ಮೂರನೆಯ ಮಾಳಿಗೆಯ ಮೂಲೆಯಲ್ಲಿ, ಗೊಂಬೆಗಳ ಮುರಿದ ಕೈಕಾಲು ಪೇರಿಸಿಟ್ಟ ಜಾಗದ ಪಕ್ಕ. ಎದೆಯ ಮೇಲೆ 'ಸಂದೇಶ್' ಎಂದು ಹೆಸರು ಸಿಕ್ಕಿಸಿಕೊಂಡ ಯುವಕ ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತಿದ್ದ. ಓವರ್ ಮುಗಿಯುವ ತನಕ ಅವಳು ಕಾದಳು. ಇನ್ನೊಂದು ಓವರೂ ಮುಗಿಯಿತು.

"ಎಂತ?" ಎಂದ ಅವನು ತಲೆಯೆತ್ತದೆ.

"ಸೀರೆ... ವಾಪಸ್ ಕೊಡ್ಲಿಕ್ಕೆ."

"ಮಾತಾಡುದು ಕೇಳುದಿಲ್ಲ. ಬಾಯಲ್ಲಿ ಎಲೆಯಡಿಕೆ ಉಂಟಾ?"

ಪಕ್ಕದ ಕೌಂಟರಿನ ಇಬ್ಬರು ಹುಡುಗಿಯರು ಕಿಸಕ್ಕೆಂದರು. ಭವ್ಯಶ್ರೀಯ ಕಿವಿ ಬಿಸಿಯಾಯಿತು. ಪೆಟ್ಟಿಗೆಯನ್ನೂ ಬಿಲ್ಲನ್ನೂ ಮುಂದೆ ತಳ್ಳಿದಳು. ಅವನು ಬಿಲ್ಲಿನ ಗೆರೆಗಳನ್ನು ಯಂತ್ರಕ್ಕೆ ತೋರಿಸಿ ಕೀ ಒತ್ತಿದ. ಕುಂಯ್ ಎಂದಿತು. ಆಮೇಲೆ ಅವನು ಅಂಗಡಿಯವರೆಲ್ಲ ಆಡುವ ಗಡಿಬಿಡಿ ತುಳುವಿನಲ್ಲಿ ಒಂದೊಂದೇ ಹೇಳತೊಡಗಿದ. ಪ್ರತಿಯೊಂದರ ಕೊನೆಗೂ "ಆವಾ?" ಎಂಬ ಬಾಲ. ಆಗಬಹುದಾ ಎಂದು ಅರ್ಥ. ಕೇಳುವ ಮಾತಲ್ಲ ಅದು, ಗಂಟಲಿನ ಅಭ್ಯಾಸ.

"ವಾಪಸಿಗೆ ಹತ್ತು ಪರ್ಸೆಂಟ್ ಚಾರ್ಜ್ ಉಂಟು. ಆವಾ?"

ಅದು ಬಿಲ್ಲಿನಲ್ಲಿ ಇರಲಿಲ್ಲ ಎಂದು ಅವಳು ಹೇಳಬೇಕೆಂದಿದ್ದಳು. ಬಾಯಿಗೆ ಬಂದದ್ದು, "ಆವು." ಆಗಲಿ.

"ಮಡಿಕೆ ಬಿಚ್ಚಿದ್ದೀರಿ. ಇಸ್ತ್ರಿ, ಪ್ಯಾಕಿಂಗ್ ನೂರೈವತ್ತು. ಆವಾ?"

ಅಮ್ಮ ಎರಡೇ ಸಲ ಸವರಿದ್ದು. "ಆವು."

"ಪೆಟ್ಟಿಗೆಗೆ ಎಂಬತ್ತು."

"ಪೆಟ್ಟಿಗೆ ಫ್ರೀ ಅಂತ ಹೇಳಿದ್ರಲ್ಲ ಆ ದಿನ?" ಇಷ್ಟನ್ನು ಹೇಳಲು ಅವಳಿಗೆ ಉಸಿರೆಲ್ಲ ಬೇಕಾಯಿತು.

"ಸೀರೆ ತಗೊಂಡವರಿಗೆ ಫ್ರೀ. ವಾಪಸ್ ಕೊಟ್ಟವರಿಗೂ ಫ್ರೀಯಾ? ಆ ದಿನ ನಿಂಬೆ ಶರಬತ್ತು ಕುಡಿದಿದ್ದೀರಲ್ಲ, ಅದರದ್ದು ಬಿಟ್ಟಿದ್ದೇನೆ ನೋಡಿ. ಆವಾ?"

ಹುಡುಗಿಯರು ಮತ್ತೆ ನಕ್ಕರು. "ಆವು," ಎಂದಳು ಭವ್ಯಶ್ರೀ.

ನಾನೂರ ಎಪ್ಪತ್ತು ಹೋಯಿತು, ಉಳಿದದ್ದಾದರೂ ಸಿಗುತ್ತದಲ್ಲ ಎಂದು ಕೈ ಚಾಚಿದರೆ, ಅರ್ಧ ಗಂಟೆ ಕಾಯಿಸಿ ಬಂದದ್ದು ಒಂದು ಕಾಗದ. ದುಡ್ಡು ಕೊಡುವ ಕ್ರಮ ಇಲ್ಲವಂತೆ. ಆ ಮೊತ್ತಕ್ಕೆ ಅಂಗಡಿಯಲ್ಲೇ ಬೇರೆ ಏನಾದರೂ ತೆಗೆದುಕೊಳ್ಳಬೇಕಂತೆ. ಅದೂ ಈ ದಿನವೇ.

ಮೂಡುಬಿದಿರೆಯ ರೂಮಿನವರು ಬೆಡ್‌ಶೀಟಿನಲ್ಲಿ ಅಡ್ವಾನ್ಸ್ ತೆಗೆದುಕೊಳ್ಳುತ್ತಾರೆಯೇ? ಅವಳು ಗಡಿಯಾರ ನೋಡಿದಳು. ಹನ್ನೆರಡೂ ಇಪ್ಪತ್ತು. "ಹಾಗಾದ್ರೆ ಬೇಡ. ಸೀರೆ ನಾನೇ ತಗೊಂಡು ಹೋಗ್ತೇನೆ," ಎಂದಳು.

ಸಂದೇಶ್ ಮೊದಲ ಬಾರಿ ಅವಳ ಮುಖ ನೋಡಿದ. "ಯಾವ ಸೀರೆ?"

"ನನ್ನದು. ಇದು."

"ಇದು ನಿಮ್ಮದಲ್ಲ. ಎಂಟ್ರಿ ಆಯ್ತು. ಸ್ಟಾಕಿಗೆ ಹೋಯ್ತು. ಇದೇ ಬೇಕಾದ್ರೆ ಎರಡನೇ ಮಾಳಿಗೆಯಲ್ಲಿ ಪುನಃ ಬಿಲ್ ಮಾಡಿಸಿ. ಎರಡು ಸಾವಿರದ ನಾನೂರು."

"ಆದ್ರೆ ಈ ಕಾಗದದಲ್ಲಿ ಅಷ್ಟು ಇಲ್ಲ..."

"ಇಲ್ಲದ್ದನ್ನು ಹಾಕಿ ಮಾರಾಯ್ತಿ. ಎಂ.ಎ. ಗಿಂಎ ಎಂತ ಮಾಡಿಲ್ವಾ? ಇಷ್ಟು ಕಳೆಯುವ ಲೆಕ್ಕ ಬರುದಿಲ್ವಾ?"

ತನ್ನ ಸೀರೆಯನ್ನು ತಾನೇ ಎರಡನೆಯ ಸಲ ಕೊಳ್ಳಲು ಭವ್ಯಶ್ರೀ ಮೆಟ್ಟಿಲಿಳಿದಳು. ಎಲ್ಲವನ್ನೂ ಬಿಟ್ಟು ಹೊರಗೆ ಓಡಿಬಿಡೋಣ ಎಂದು ಒಂದು ಕ್ಷಣ ಅನಿಸಿದ್ದು ನಿಜ. ಆದರೆ ಹಳದಿ ಚೀಟಿಗೆ ಸೀಲ್ ಬಿದ್ದಿರಲಿಲ್ಲ; ಹೊಸ ಬಿಲ್ಲಾದ ಮೇಲೆಯೇ ಸೀಲಂತೆ. ಸೀಲ್ ಇಲ್ಲದೆ ಬ್ಯಾಗಿಲ್ಲ, ಬ್ಯಾಗಿಲ್ಲದೆ ಅಂಕಪಟ್ಟಿಯಿಲ್ಲ. ಹತ್ತನೆಯ ತರಗತಿಯಿಂದ ಎಂ.ಎ. ತನಕದ ಅವಳ ಅಷ್ಟೂ ವರ್ಷಗಳು ಶಂಭುವಿನ ಗೂಡಿನಲ್ಲಿ, ಯಾರದೋ ಹೆಲ್ಮೆಟ್ಟಿನ ಕೆಳಗಿದ್ದವು.

ಎರಡನೆಯ ಮಾಳಿಗೆಯ ಕೌಂಟರಿನಲ್ಲಿ ಶಮ್ನಾ ಎಂಬ ಹುಡುಗಿ. ತಲೆಗೆ ತಿಳಿನೀಲಿ ಶಾಲು, ಕುತ್ತಿಗೆಗೆ ಅಳತೆಯ ಟೇಪು, ಬಲಗೈ ಬೆರಳಿಗೆ ಕತ್ತರಿ. ಬೆಳಗ್ಗಿನಿಂದ ನಿಂತೇ ಇದ್ದವಳ ಹಾಗೆ ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಾಯಿಸುತ್ತಿದ್ದಳು. ಎದುರಿಗೆ ಮದುವೆ ಜವಳಿಯವರ ದೊಡ್ಡ ಗುಂಪು. ಅವರ ಗದ್ದಲದ ನಡುವೆ ಬಿಲ್ಲಾಯಿತು. ಭವ್ಯಶ್ರೀಯ ಪರ್ಸಿನಲ್ಲಿ ಬಸ್ಸಿನ ಚಿಲ್ಲರೆಗಿಂತ ಸ್ವಲ್ಪವೇ ಹೆಚ್ಚು ಉಳಿಯಿತು. ಶಮ್ನಾ ಸೀರೆಯನ್ನು ಮೇಜಿನ ಮೇಲೆ ಹಾಸಿ ಸೆರಗಿನ ತುದಿ ಹಿಡಿದು ಬಾಯಿಪಾಠ ಒಪ್ಪಿಸಿದಳು.

"ಫಾಲ್, ಜಿಗ್‌ಜಾಗ್, ಬ್ಲೌಸ್ ಕಟ್. ಮಾತಾ ಆವಾ ಅಕ್ಕ?"

ಎಲ್ಲ ಆಗಬಹುದಾ?

ಭವ್ಯಶ್ರೀಯ ಒಳಗೆ ಏನೋ ಒಂದು ಹರಿಯಿತು. ಬೆಳಗ್ಗಿನಿಂದ ಅಂದ ಆವುಗಳನ್ನೆಲ್ಲ ಅವಳು ಮನಸ್ಸಿನಲ್ಲಿ ಎಣಿಸಿದಳು. ಇನ್ನು ಸಾಕು. ಮೊದಲ ಬಾರಿ, ಗಟ್ಟಿಯಾಗಿ ಎಂದೇ ಅಂದುಕೊಂಡು, ಅವಳು ಹೇಳಿದಳು: "ಯಾವು."

ಆವು ಎಂದರೆ ಆಗಲಿ. ಯಾವು ಎಂದರೆ ಸಾಕು. ನಡುವೆ ಇರುವುದು ನಾಲಿಗೆಯ ಒಂದು ಸಣ್ಣ ತಿರುಗಣೆ. ದೊಡ್ಡ ಗಂಟಲಿನವರು ಹೇಳಿದರೆ ಅದು ಬಾಗಿಲು ಹಾಕಿದ ಹಾಗೆ ಕೇಳಿಸುತ್ತದೆ. ಭವ್ಯಶ್ರೀಯದು ಅರ್ಧ ತೆರೆದೇ ಉಳಿಯಿತು.

ಕರ್ರೆಂದಿತು ಕತ್ತರಿ. ಅಂಚಿನಿಂದ ಅಂಚಿಗೆ, ಒಂದೇ ಎಳೆತ. ಕೆಂಪು ಬ್ಲೌಸ್ ಪೀಸು ಸೀರೆಯಿಂದ ಬೇರೆಯಾಗಿ ಶಮ್ನಾಳ ಎಡಗೈಯಲ್ಲಿ ತೂಗಿತು.

"ಬೇಡ ಅಂದದ್ದು ನಾನು!" ಎಂದಳು ಭವ್ಯಶ್ರೀ.

"ಆವು ಅಂದ್ರಿ ಅಕ್ಕ."

"ಯಾವು ಅಂದೆ."

ಶಮ್ನಾ ಕತ್ತರಿ ಕೆಳಗಿಟ್ಟಳು. ಅವಳ ಮುಖ ಬಿಳಿಚಿಕೊಂಡಿತ್ತು. "ಅಲ್ಲಾಹ್! ನನಗೆ ಆವು ಅಂತಲೇ ಕೇಳಿದ್ದು."

ಹೊಟ್ಟೆ ಮೊದಲು, ಮನುಷ್ಯ ಆಮೇಲೆ ಎಂಬಂತೆ ಮ್ಯಾನೇಜರ್ ಅಶೋಕ್ ಬಂದ. ವಿಷಯ ಕೇಳಿದ. ಕೇಳಿದ್ದೆಂದರೆ ಶಮ್ನಾ ಹೇಳಿದ್ದನ್ನು ಅರ್ಧ, ಭವ್ಯಶ್ರೀ ಹೇಳಿದ್ದನ್ನು ಪೂರ್ತಿ ಬಿಟ್ಟು.

"ಕಟ್ ಆದ ಸೀರೆ ವಾಪಸ್ ಆಗ್ಲಿಕ್ಕಿಲ್ಲ."

"ವಾಪಸ್ ಬೇಡ. ಈ ಚೀಟಿಗೆ ಒಂದು ಸೀಲ್ ಹಾಕಿ. ನನಗೆ ಬಸ್ಸುಂಟು."

"ಸೀಲ್ ಹಾಕುವ. ಅದಕ್ಕೆ ಮುಂಚೆ ಈ ಪುಸ್ತಕದಲ್ಲಿ ಬರೀರಿ." ಅವನು ಉದ್ದನೆಯ ಲೆಡ್ಜರೊಂದನ್ನು ತೆರೆದಿಟ್ಟ. "ಗ್ರಾಹಕರ ಒಪ್ಪಿಗೆಯಂತೆ ಕತ್ತರಿಸಲಾಗಿದೆ. ಅಷ್ಟೇ. ಕೆಳಗೆ ಸೈನ್. ನಾಳೆ ನಿಮ್ಮ ಮನೆಯವರು ಬಂದು ಗಲಾಟೆ ಮಾಡಬಾರ್ದಲ್ಲ."

"ನಾನು ಒಪ್ಪಲಿಲ್ಲ."

"ಒಪ್ಪಲಿಲ್ಲ ಅಂತ ಬರೀರಿ ಹಾಗಾದ್ರೆ. ಸೀರೆಯ ದುಡ್ಡು ಇವಳ ಸಂಬಳದಿಂದ ಹಿಡಿದರಾಯ್ತು. ಕಮಿಟಿ ಕೂತು ನೋಡ್ತದೆ, ನಾಲ್ಕೈದು ದಿನ ಆಗ್ತದೆ. ಅಲ್ಲಿಯವರೆಗೆ ಚೀಟಿ ಇಲ್ಲಿರಲಿ. ಮಾತಾಡುವಾಗ ಮನುಷ್ಯರಿಗೆ ಕೇಳುವ ಹಾಗೆ ಮಾತಾಡ್ಬೇಕು. ಬೆಳಗ್ಗೆ ಗಂಜಿ ಉಂಡಿಲ್ವಾ?"

ಗಂಟೆ ಒಂದಾಗಲು ಐದು ನಿಮಿಷ.

ಶಮ್ನಾ ತಲೆ ತಗ್ಗಿಸಿ ಸೀರೆ ಮಡಚುವಂತೆ ಮಾಡುತ್ತ, ತುಟಿ ಅಲುಗಿಸದೆ ಹೇಳಿದಳು: "ಅಕ್ಕ, ಹೋದ ತಿಂಗಳೂ ಒಂದು ಸೀರೆಯದ್ದು ಹಿಡಿದಿದ್ದಾರೆ. ಸತ್ಯಕ್ಕೂ ನನಗೆ ಹಾಗೆ ಕೇಳಿದ್ದು."

ಭವ್ಯಶ್ರೀ ಪೆನ್ನು ಹಿಡಿದು ನಿಂತಳು. ಒಪ್ಪಿದೆ ಎಂದು ಬರೆದರೆ ಬ್ಯಾಗು, ಬಸ್ಸು, ಲೈಬ್ರರಿ. ಆದರೆ ಅದು ಸುಳ್ಳು. ಬಾಯಲ್ಲಿ ಅವಳು ದಿನಕ್ಕೆ ಹತ್ತು ಸುಳ್ಳು ಆವು ಹೇಳುತ್ತಿದ್ದಳು, ಅದಕ್ಕೆ ಲೆಕ್ಕವಿಲ್ಲ. ಕೈಯಲ್ಲಿ ಬರೆದದ್ದು ಮಾತ್ರ ಈವರೆಗೆ ಒಂದೂ ಸುಳ್ಳಾಗಿರಲಿಲ್ಲ. ಆಗಿಲ್ಲ ಎಂಬುದೊಂದೇ ಅವಳಿಗಿದ್ದ ಹೆಮ್ಮೆ. ಒಪ್ಪಲಿಲ್ಲ ಎಂದು ಬರೆದರೆ ಅದು ಸತ್ಯ. ಆದರೆ ಆ ಸತ್ಯ ನೇರ ಹೋಗಿ ಬೀಳುವುದು ಈ ನಿಂತು ನಿಂತು ಕಾಲು ನೋಯುವ ಹುಡುಗಿಯ ಮೇಲೆ. ಸಂದೇಶನ ಮೇಲಲ್ಲ, ಅಶೋಕನ ಮೇಲಲ್ಲ.

"ಬೇಗ ಬೇಗ," ಎಂದ ಅಶೋಕ್. ಮದುವೆಯವರು ಅವನನ್ನು ಕರೆಯುತ್ತಿದ್ದರು.

ಅವಳು ಬರೆಯತೊಡಗಿದಳು.

'ನಾನು ಯಾವು ಎಂದೆ. ಇವರಿಗೆ ಆವು ಎಂದು ಕೇಳಿಸಿತು. ನನ್ನ ದನಿ ಚಿಕ್ಕದು, ಈ ಮಾಳಿಗೆಯಲ್ಲಿ ಗದ್ದಲ ದೊಡ್ಡದು. ಆದ್ದರಿಂದ ಕತ್ತರಿ ಹಿಡಿದವರ ತಪ್ಪು ಇದರಲ್ಲಿಲ್ಲ. ಆದರೆ ನಾನು ಈ ಸೀರೆಯನ್ನು ಎರಡು ಸಲ ಕೊಂಡಿದ್ದೇನೆ. ನಡುವೆ ಒಂದು ಗಂಟೆ ಹೊತ್ತು ಇದು ನನ್ನದಲ್ಲ ಎಂದು ಮೂರನೆಯ ಮಾಳಿಗೆಯಲ್ಲಿ ಹೇಳಿದರು. ಆ ಒಂದು ಗಂಟೆ ಇದು ಯಾರದಾಗಿತ್ತೋ ಅವರು ಇದಕ್ಕೆ ಇಸ್ತ್ರಿಯನ್ನೂ ಹಾಕಲಿಲ್ಲ, ಪ್ಯಾಕಿಂಗನ್ನೂ ಮಾಡಲಿಲ್ಲ, ಎರಡಕ್ಕೂ ನನ್ನಿಂದ ದುಡ್ಡು ತೆಗೆದುಕೊಂಡರು. ಇದಕ್ಕೆಲ್ಲ ನಾನು ಆವು ಎಂದದ್ದು ನಿಜ. ಒಪ್ಪಿ ಅಂದದ್ದಲ್ಲ, ಹೆದರಿ ಅಂದದ್ದು.'

ಕೆಳಗೆ ಹೆಸರು, ಊರು, ತಾರೀಕು. ಸಹಿ.

ಅಶೋಕ್ ಬಂದವನು ಪುಟದ ಮೇಲೆ ಕಣ್ಣಾಡಿಸಲೂ ಇಲ್ಲ. ಬೆರಳು ನೇರ ಕೆಳಗೆ ಹೋಯಿತು. "ಸೈನ್ ಉಂಟಾ? ಉಂಟು." ಹಳದಿ ಚೀಟಿಗೆ ಠಪ್ಪೆಂದು ಸೀಲ್ ಬಿತ್ತು. "ಒಂದು ಗೆರೆ ಬರೀಲಿಕ್ಕೆ ಪುಟ ತುಂಬಿಸಿದ್ದೀರಲ್ಲ ಮಾರಾಯ್ರೇ," ಎಂದವನು ಮದುವೆಯವರ ಕಡೆ ತಿರುಗಿ ಹಲ್ಲು ತೋರಿಸಿದ.

ಓದಿದ್ದು ಶಮ್ನಾ. ಓದುತ್ತ ಓದುತ್ತ ಅವಳ ಬೆರಳು ಒಂದು ಸಾಲಿನ ಹತ್ತಿರ ನಿಂತಿತು. ಲೆಡ್ಜರನ್ನು ಮುಚ್ಚಿ ಬೇರೆ ಎರಡು ಲೆಡ್ಜರುಗಳ ಅಡಿಗೆ ಸರಿಸಿದಳು. ಬಿಲ್ಲಿನಿಂದ ಫಾಲು, ಜಿಗ್‌ಜಾಗಿನದ್ದನ್ನು ಗೀಟು ಹಾಕಿ ತೆಗೆದಳು. ಬ್ಲೌಸ್ ಪೀಸನ್ನು ಸೀರೆಯ ಮಡಿಕೆಯೊಳಗೆ, ಕತ್ತರಿಸಿದ ಅಂಚು ಹೊರಗೆ ಕಾಣದ ಹಾಗೆ ಇಟ್ಟು, "ಓಡಿ ಅಕ್ಕ," ಎಂದಳು.

ಓಡಿದಳು. ಶಂಭು ಸೀಲನ್ನು ಬೆಳಕಿಗೆ ಹಿಡಿದು, ಹೆಲ್ಮೆಟ್ಟು ಸರಿಸಿ, ಬ್ಯಾಗು ಕೊಡುವಷ್ಟರಲ್ಲಿ ಒಂದೂ ಹದಿನಾಲ್ಕು. ಸ್ಟ್ಯಾಂಡಿಗೆ ಮುಟ್ಟುವಾಗ ಬಸ್ಸು ಹೊರಟೇ ಬಿಟ್ಟಿತ್ತು. ಕೈಬೀಸುತ್ತ ಹಿಂದೆ ಓಡಿದಳು. ಕಂಡಕ್ಟರ್ ಕಂಡು ಕೂಗಿ ನಿಲ್ಲಿಸಿದ. "ಕರೀಬೇಕಲ್ಲ ನೀವು! ಕೈ ಆಡಿಸಿದ್ರೆ ನಮಗೆಂತ ಗೊತ್ತಾಗ್ತದೆ, ನೊಣ ಓಡಿಸುದಾ ಅಂತ!"

ಸಿದ್ಧಕಟ್ಟೆ ದಾಟುವ ತನಕ ಅವಳು ಬ್ಯಾಗನ್ನು ಎದೆಗೆ ಒತ್ತಿಕೊಂಡೇ ಇದ್ದಳು. ನಡುವೆ ಒಮ್ಮೆ ಜಿಪ್ಪು ತೆಗೆದು ಎಣಿಸಿದಳು. ಹತ್ತನೆಯದ್ದು, ಪಿಯುಸಿ, ಬಿ.ಎ.ಯ ಆರು, ಎಂ.ಎ.ಯ ನಾಲ್ಕು. ಎಲ್ಲ ಇದ್ದವು.

ಮೂರೂ ಹತ್ತಕ್ಕೆ ಅವಳು ಮೂಡುಬಿದಿರೆಯ ಆ ಕಾಲೇಜಿನ ಆಫೀಸಿನಲ್ಲಿದ್ದಳು. ತಂಪು ಕೋಣೆ. ವಿನೋದಾ ಮೇಡಂ ಎಂಬ ಹಿರಿಯ ಗುಮಾಸ್ತೆ ಮೃದುವಾಗಿ ಮಾತಾಡುವವರು. ಕುಡಿಯಲು ನೀರು ಕೊಟ್ಟರು. ಬೆಳಗ್ಗಿನಿಂದ ಯಾರೂ ಅವಳಿಗೆ ಕೂರಲು ಹೇಳಿರಲಿಲ್ಲ; ಇವರು ಹೇಳಿದರು. ಭವ್ಯಶ್ರೀಗೆ ಅಳು ಬಂದಂತಾಯಿತು.

ವಿನೋದಾ ಒಂದೊಂದೇ ಹಾಳೆ ನೋಡಿ, ಗುರುತು ಹಾಕಿ, ಎಲ್ಲವನ್ನೂ ಜೋಡಿಸಿ ಕ್ಲಿಪ್ಪು ಹಾಕಿದರು. ಕ್ಲಿಪ್ಪು ಹಾಕಿದ್ದನ್ನು ತಿರುಗಿ ಕೊಡಲಿಲ್ಲ. ಹಿಂದಿನ ಕಪಾಟಿನ ಬಾಗಿಲು ತೆರೆದರು. ಒಳಗೆ ಅಂಥವೇ ಕಟ್ಟುಗಳು, ಸಾಲು ಸಾಲು.

"ಒರಿಜಿನಲ್ ಇಲ್ಲಿಯೇ ಇರ್ತದೆ. ಎರಡು ವರ್ಷ. ನಡುವೆ ಬಿಟ್ಟು ಹೋಗುವುದಾದರೆ ಮೂರು ತಿಂಗಳ ಸಂಬಳ ಕಟ್ಟಿ ಬಿಡಿಸಿಕೊಳ್ಳಬೇಕು. ಇದು ಎಲ್ಲರಿಗೂ ಉಂಟಮ್ಮಾ, ನಿನಗೆ ಮಾತ್ರ ಅಲ್ಲ." ಅವರು ಕನ್ನಡಕದ ಮೇಲಿನಿಂದ ಅವಳನ್ನು ನೋಡಿದರು. ಆಮೇಲೆ ಮನೆಯವರ ಹಾಗೆ, ತುಳುವಿನಲ್ಲಿ, ತುಂಬ ಸಮಾಧಾನವಾಗಿ ಕೇಳಿದರು: "ಆವಾ?"

ಆ ಕೋಣೆಯಲ್ಲಿ ಗದ್ದಲವಿರಲಿಲ್ಲ. ಫ್ಯಾನಿನ ಸದ್ದು ಕೂಡ ಇರಲಿಲ್ಲ. ಇಲ್ಲಿ ಏನು ಹೇಳಿದರೂ ಹೇಳಿದ ಹಾಗೆಯೇ ಕೇಳಿಸುತ್ತದೆ ಎಂದು ಭವ್ಯಶ್ರೀಗೆ ಗೊತ್ತಿತ್ತು. ಮೇಜಿನಾಚೆ, ಗಾಜಿನ ಬಾಗಿಲಲ್ಲಿ ಲೈಬ್ರರಿಯ ಉದ್ದನೆಯ ಕಪಾಟುಗಳು ಕಾಣುತ್ತಿದ್ದವು. ಕಿಟಕಿಯ ಬದಿ ಒಂದು ಖಾಲಿ ಕುರ್ಚಿ. ಬಾಗಿಲ ಹೊರಗೆ ಬೆಂಚಿನ ಮೇಲೆ, ಪಟ್ಟಿಯಲ್ಲಿ ಅವಳ ಮುಂದಿನ ಹೆಸರಿನವಳು, ತೊಡೆಯ ಮೇಲೆ ಫೈಲಿಟ್ಟು ಕೂತಿದ್ದಳು.

"ಆವು," ಎಂದಳು ಭವ್ಯಶ್ರೀ.

"ಒಳ್ಳೆ ಸ್ಪಷ್ಟ ಮಾತಾಡ್ತಿ ನೀನು," ಎಂದರು ವಿನೋದಾ, ಮತ್ತು ಕಪಾಟಿಗೆ ಬೀಗ ಹಾಕಿದರು.

ಸಂಜೆ ವೇಣೂರಿನ ದಾರಿಯ ಬಸ್ಸಿನಲ್ಲಿ ಬ್ಯಾಗು ಹಗುರವಾಗಿತ್ತು. ಮಡಿಲಲ್ಲಿ ಸೀರೆಪೆಟ್ಟಿಗೆ. ಅಮ್ಮನ ಫೋನು ಬಂತು.

"ಮಗಾ, ಸೀರೆ ತಗೊಂಡ್ರಾ ಅವರು?"

"ಇಲ್ಲಮ್ಮ. ಬ್ಲೌಸ್ ಪೀಸ್ ಕಟ್ ಆಗಿದೆ. ಇನ್ನು ನೀನೇ ಉಡಬೇಕು."

"ಅಯ್ಯೋ ದೇವರೇ! ಕೆಲಸ?"

"ಅದು ಆಯ್ತು. ಒಂದನೇ ತಾರೀಕಿಗೆ ಸೇರ್ಲಿಕ್ಕೆ."

ಲೋಲಾಕ್ಷಿಯ ಗಂಟಲು, ಗುಡ್ಡದ ಈ ಬದಿಯಿಂದ ಆ ಬದಿಗೆ ದನ ಕರೆಯುವ ಗಂಟಲು, ಪಕ್ಕದ ಸೀಟಿನವರೂ ತಿರುಗಿ ನೋಡುವ ಹಾಗೆ ಕೇಳಿಸಿತು. "ಯಾವು ಮಗಾ! ಅಷ್ಟೇ ಯಾವು ನಮಗೆ. ಬೇಗ ಬಾ."

ಕಪಾಟಿನ ವಿಷಯ ಅವಳು ಹೇಳಲಿಲ್ಲ. ಮನೆಗೆ ಹೋದ ಮೇಲೆ ಡೈರಿಯಲ್ಲಿ ಬರೆದರಾಯಿತು ಎಂದುಕೊಂಡಳು. ಪೆಟ್ಟಿಗೆಯ ಮುಚ್ಚಳ ತೆಗೆದು ಕತ್ತರಿಸಿದ ಅಂಚನ್ನು ಬೆರಳಲ್ಲಿ ಹುಡುಕಿದಳು. ನೂಲು ಬಿಡಲು ಶುರುವಾಗಿತ್ತು. ಒಂದು ಎಳೆ ಬೆರಳಿಗೆ ಸುತ್ತಿಕೊಂಡಿತು. ಎಳೆದರೆ ಇನ್ನೂ ಬಿಚ್ಚುತ್ತದೆ ಎಂದು, ಬೆಳ್ತಂಗಡಿ ಬರುವ ತನಕ ಕೈಯನ್ನು ಹಾಗೆಯೇ ಇಟ್ಟುಕೊಂಡು ಕೂತಳು.